ತಾಳವಾಡಿಯಿಂದ ಬಣ್ಣಾರಿಗೆ, ಸಂಜೆ ಆರರೊಳಗೆ

ಚಾಮರಾಜನಗರದಿಂದ ತಾಳವಾಡಿಗೆ ಬಂದರೆ ರಾಜ್ಯ ಬದಲಾಗಿದ್ದು ಬೋರ್ಡು ನೋಡಿದರಷ್ಟೇ ಗೊತ್ತಾಗುತ್ತದೆ. ಜಿಲ್ಲೆ ಈರೋಡು, ಸರ್ಕಾರ ತಮಿಳುನಾಡಿನದು, ಮಾತು ಮಾತ್ರ ನಮ್ಮದೇ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇಲ್ಲೇ ಇದೆ. ಸುತ್ತ ಎಲೆಕೋಸು, ಬೀಟ್‌ರೂಟ್, ಟೊಮೆಟೊ. ಹೊಲ ಮುಗಿದಲ್ಲಿ ಕಾಡು.

ಇಲ್ಲಿನವರು ತಮ್ಮದೇ ಜಿಲ್ಲೆಯ ಸತ್ಯಮಂಗಲಕ್ಕೆ ಹೋಗಬೇಕಾದರೂ ಆ ಕಾಡು ಹಾಯಬೇಕು, ದಿಂಬಂ ಘಾಟಿಯ 27 ತಿರುವು ಇಳಿಯಬೇಕು. 2013ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ. ರಾತ್ರಿ ಸಂಚಾರ ನಿಲ್ಲಿಸಲು ಜಿಲ್ಲಾಧಿಕಾರಿ 2019ರಲ್ಲೇ ಆದೇಶ ಹೊರಡಿಸಿದ್ದರು. ಅದು ನಿಜಕ್ಕೂ ಜಾರಿಯಾದದ್ದು ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ, 2022ರ ಫೆಬ್ರವರಿಯಲ್ಲಿ. ಲಾರಿಗಳಿಗೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ, ಕಾರು ಗೀರಿಗೆ ರಾತ್ರಿ 9ರಿಂದ ಗೇಟ್ ಬಂದ್. ಬಂಡೀಪುರದಲ್ಲಿ 2009ರಿಂದಲೇ ಇಂಥ ನಿಯಮ ಇದೆ, ನಿಜ. ಆದರೆ ಇಲ್ಲಿ ಒಂದು ತಾಲೂಕೇ ಗೇಟಿನ ಒಳಗಿದೆ!

ತಾಳವಾಡಿಯ ಟೀ ಅಂಗಡಿಯಲ್ಲಿ ಸಿಕ್ಕ ರೈತರೊಬ್ಬರು ಹೇಳಿದರು: "ಬೆಳಿಗ್ಗೆ ಕೊಯ್ದ ಕೋಸ ಮೂಟೆ ಕಟ್ಟಿ ಲಾರಿಗೆ ತುಂಬೋದ್ರೊಳಗೆ ಸಂಜೆ ಆಯ್ತದೆ ಕನಣ್ಣ. ಗೇಟ್ ಹಾಕ್ಬುಟ್ರೆ ಮಾರ್ಕೆಟ್ಟು ಹೋಯ್ತು. ನಾವೇನ್ ಕಾಡು ಬ್ಯಾಡ ಅಂತೀವಾ?"

2022ರಲ್ಲಿ ಗೇಟ್ ಹಾಕಿದಾಗ ಇಲ್ಲಿ ದೊಡ್ಡ ಪ್ರತಿಭಟನೆಯೇ ನಡೆಯಿತು. ಕೆಲವೇ ವಾರಗಳಲ್ಲಿ ಕೋರ್ಟು ಸ್ಥಳೀಯರ ವಾಹನಗಳಿಗೆ ರಿಯಾಯಿತಿ ಕೊಟ್ಟಿತು, 12 ಚಕ್ರಕ್ಕಿಂತ ದೊಡ್ಡ ಲಾರಿಗಳನ್ನು ಪೂರ್ತಿ ತಡೆಯಿತು. ನನ್ನ ಪ್ರಕಾರ ಇದೇ ಸರಿಯಾದ ದಾರಿ. ಕಾಡನ್ನು ಸುಮ್ನೆ ಹಾದುಹೋಗುವವರೂ ಕಾಡಿನ ನಡುವೆಯೇ ಬದುಕುವವರೂ ಒಂದೇ ಅಲ್ಲ, ಅಲ್ವಾ?

ಹಾಸನೂರಿನ ಹತ್ತಿರ ನಮ್ಮ ಮುಂದಿದ್ದ ಕಬ್ಬಿನ ಲಾರಿ ನಿಂತುಬಿಟ್ಟಿತು. ಅಡ್ಡ ನಿಂತಿದ್ದು ಆನೆ, ಜೊತೆಗೊಂದು ಮರಿ. ತಾಯಿ ಸೊಂಡಿಲು ಚಾಚಿ ಲಾರಿಯ ಪಕ್ಕದಿಂದ ಕಬ್ಬು ಎಳೆಯಿತು. ಹಗ್ಗ ಬಿಗಿಯಾಗಿತ್ತು, ಒಂದೆರಡು ಜಲ್ಲೆ ಮುರಿದು ಕೆಳಗೆ ಬಿತ್ತು. ಮರಿ ಚಕ್ರದ ಪಕ್ಕದಲ್ಲೇ ನಿಂತು ಅದನ್ನು ಕಾಲಲ್ಲಿ ಒತ್ತಿ ಸೀಳತೊಡಗಿತು. ಡ್ರೈವರ್ ಇಂಜಿನ್ ಆಫ್ ಮಾಡಿ ಕೂತಿದ್ದ. ಹಿಂದಿನ ಕಾರುಗಳಿಂದ ಮೊಬೈಲು ಹಿಡಿದ ಕೈಗಳು ಹೊರಗೆ ಬಂದವು. ನನಗೆ ಮಾತ್ರ ಭಯವಾಯಿತು. ಮರಿ ಕಲಿಯುತ್ತಿರುವ ಪಾಠ ನೋಡಿ: ಲಾರಿ ಬಂದರೆ ಊಟ ಬಂತು. ಇದೇ ಮರಿ ಕತ್ತಲಲ್ಲಿ, ಇಳಿಜಾರಿನಲ್ಲಿ ಲಾರಿಗೆ ಎದುರಾದರೆ? ಈ ರಸ್ತೆಯಲ್ಲಿ ಚಿರತೆಗಳೂ ಗಾಡಿಗೆ ಸಿಕ್ಕಿ ಸತ್ತಿವೆ. ಗೇಟ್ ಬೇಕೇ ಬೇಕು.

ದಿಂಬಂನಲ್ಲಿ ತಲಮಲೆ ಕಡೆಯ ರಸ್ತೆ ಒಳಗೆ ಹೊರಳುತ್ತದೆ. ಬಸ್ಸಿಗೆ ಕಾಯುತ್ತಿದ್ದ ಸೋಲಿಗರ ಅಜ್ಜಿ, ಕಾಡೊಳಗಿನ ತಮ್ಮ ಪುಟ್ಟ ಊರಿಗೆ, ಅಂದರೆ ಹಾಡಿಗೆ, ಮಳೆಗಾಲದಲ್ಲಿ ಜೀಪೂ ಬರಲ್ಲ ಎಂದರು. "ಬಸುರಿ ಹೆಂಗ್ಸನ್ನ ಜೋಲಿ ಕಟ್ಟಿ ಹೊತ್ಕಂಡ್ ಬರ್ಬೇಕು ಮಗ." ಕಾಡಲ್ಲಿ ರಸ್ತೆ ಮಾಡಲು 1980ರ ಅರಣ್ಯ ಕಾಯ್ದೆಯ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕು. ಆದರೆ ಇಂಥ ಊರುಗಳಿಗಾಗಿಯೇ 2006ರ ಅರಣ್ಯ ಹಕ್ಕು ಕಾಯ್ದೆ ಒಂದು ದಾರಿ ಬಿಟ್ಟಿದೆ. ಗ್ರಾಮಸಭೆ ಶಿಫಾರಸು ಮಾಡಿದರೆ, ಒಂದು ಹೆಕ್ಟೇರಿಗಿಂತ ಕಡಿಮೆ ಜಾಗದಲ್ಲಿ, ಹೆಕ್ಟೇರಿಗೆ 75 ಮರಕ್ಕಿಂತ ಹೆಚ್ಚು ಕಡಿಯದೆ ರಸ್ತೆ, ಶಾಲೆ, ಅಂಗನವಾಡಿ ಮಾಡಬಹುದು. ಹೆದ್ದಾರಿ ಅಗಲ ಮಾಡುವುದಕ್ಕೆ ನನ್ನ ವಿರೋಧ ಎಷ್ಟು ಗಟ್ಟಿಯೋ, ಈ ಅಜ್ಜಿಯ ಹಾಡಿಗೆ ಜೀಪ್ ಹೋಗುವಷ್ಟು ದಾರಿ ಆಗಲೇಬೇಕು ಅನ್ನುವುದೂ ಅಷ್ಟೇ ಗಟ್ಟಿ.

ಘಾಟಿ ಇಳಿದು, ಕೆಳಗಿನ ಗೇಟ್ ಇರುವ ಬಣ್ಣಾರಿ ಮುಟ್ಟಿದಾಗ ಆರಕ್ಕೆ ಇನ್ನೂ ಸಮಯವಿತ್ತು. ಅಮ್ಮನ ಗುಡಿಗೆ ಹೋಗಿ ಬರುವಷ್ಟರಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ಕ್ಲೀನರುಗಳು ಸ್ಟವ್ ಹಚ್ಚಿ ಅನ್ನಕ್ಕಿಡುತ್ತಿದ್ದರು.

ನೀವು ಹೋಗುವುದಾದರೆ ತಾಳವಾಡಿಯನ್ನು ಮಧ್ಯಾಹ್ನವೇ ಬಿಡಿ. ಕಬ್ಬಿನ ಲಾರಿಗೆ ಅಂಟಿಕೊಂಡು ಹೋಗಬೇಡಿ. ಆನೆಗೆ ಏನನ್ನೂ ಎಸೆಯಬೇಡಿ. ಒಂಬತ್ತು ದಾಟಿದ ಮೇಲೆ ಗೇಟಿನಲ್ಲಿ ಜಗಳಕ್ಕಿಳಿಯಬೇಡಿ, ಆ ರಿಯಾಯಿತಿ ತಾಳವಾಡಿಯವರದು.