ಶುಗರ್ ಬಂದಿದೆ ಅಂದ ದಿನದಿಂದ ಮನಸ್ಸೇ ಸರಿಯಿಲ್ಲ, ಏನು ಮಾಡಲಿ?

ಹೆಚ್ಚು ಕಡಿಮೆ ಇದೇ ಮಾತಿನಲ್ಲಿ ಈ ಪ್ರಶ್ನೆ ಬರುತ್ತದೆ. ಮೈಸೂರಿನಲ್ಲಿ ಆಫೀಸಿಗೆ ಹೋಗುವವರೂ ಕೇಳುತ್ತಾರೆ, ಮಳವಳ್ಳಿ ಕಡೆಯ ರೈತರೂ ಕೇಳುತ್ತಾರೆ. ‘ಮಾತ್ರೆ ತಗೋತಿದೀನಿ, ವಾಕಿಂಗೂ ಹೋಗ್ತಿದೀನಿ, ಆದ್ರೆ ರಾತ್ರಿ ಎರಡು ಗಂಟೆಗೆ ಎಚ್ಚರ ಆಗ್ಬಿಡುತ್ತೆ. ಆಮೇಲೆ ಬರೀ ಯೋಚನೆ.’

ಮೊದಲು ಆ ಎಚ್ಚರವನ್ನೇ ವಿಚಾರಿಸಿಕೊಳ್ಳಿ. ಮೂತ್ರಕ್ಕೆಂದು ಎದ್ದಿರಾ? ಹಾಗಾದರೆ ಎಬ್ಬಿಸಿದ್ದು ಚಿಂತೆಯಲ್ಲ, ಸಕ್ಕರೆ ಇರಬಹುದು. ರಕ್ತದಲ್ಲಿ ಅದು ಸುಮಾರು 180 ದಾಟಿದರೆ ಕಿಡ್ನಿ ಹಿಡಿದಿಟ್ಟುಕೊಳ್ಳಲಾರದೆ ಮೂತ್ರಕ್ಕೆ ಬಿಡುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಶುಗರ್ ಇಳಿದಂತೆ ಈ ಎಚ್ಚರವೂ ಕಡಿಮೆಯಾಗುತ್ತದೆ. ಮೈಯೆಲ್ಲ ಬೆವತು, ಕೈ ನಡುಗಿ, ಎದೆ ಡವಡವ ಅನ್ನುತ್ತ ಎದ್ದರೆ ವಿಷಯ ಬೇರೆ. ಅದು ಗಾಬರಿಯೂ ಇರಬಹುದು, ಸಕ್ಕರೆ ಇಳಿದದ್ದೂ ಇರಬಹುದು. ಮೈಗೆ ಎರಡೂ ಒಂದೇ ಥರ. ಮನೆಯಲ್ಲಿ ಶುಗರ್ ನೋಡುವ ಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಮೀಟರ್ ಕೈಗೆ ಸಿಗದಿದ್ದರೆ ಮೊದಲು ಕುಡಿಯಿರಿ, ಆಮೇಲೆ ಹುಡುಕಿ. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಹೀಗಾಗುವುದು ಅಪರೂಪ. ಗ್ಲಿಮೆಪಿರೈಡ್ ಇರುವ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಆಗುತ್ತದೆ.

ಇವೆರಡೂ ಅಲ್ಲವಾದರೆ ಭಯ. ಆ ಭಯಕ್ಕೆ ಸಾಮಾನ್ಯವಾಗಿ ಒಂದು ಮುಖ ಇರುತ್ತದೆ: ಕಾಲು ತೆಗೆಸಿಕೊಂಡ ದೊಡ್ಡಪ್ಪ, ಡಯಾಲಿಸಿಸ್‌ಗೆ ಓಡಾಡಿದ ಪಕ್ಕದ ಮನೆಯವರು. ರಿಪೋರ್ಟ್ ನೋಡಿದ ಕೂಡಲೇ ಅವರ ಜಾಗದಲ್ಲಿ ನೀವು ನಿಂತುಬಿಡುತ್ತೀರಿ. ಆದರೆ ಅವರಲ್ಲಿ ಎಷ್ಟೋ ಜನರಿಗೆ ಕಾಯಿಲೆ ಗೊತ್ತಾಗಿದ್ದೇ ಗಾಯ ಮಾಗದೆ ಆಸ್ಪತ್ರೆಗೆ ಹೋದ ಮೇಲೆ. ಅಷ್ಟರಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿಯೇ ಇರುತ್ತದೆ. ನಿಮಗೆ ಅದಕ್ಕೂ ಮೊದಲೇ ಗೊತ್ತಾಗಿದೆ. ಬ್ರಿಟನ್ನಿನಲ್ಲಿ 1977ರಿಂದ 20 ವರ್ಷ ನಡೆದ ಯುಕೆಪಿಡಿಎಸ್ ಅಧ್ಯಯನದಲ್ಲಿ ಎಚ್‌ಬಿಎ1ಸಿ, ಅಂದರೆ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ, ಒಂದು ಅಂಕ ಕಡಿಮೆ ಇದ್ದಲ್ಲಿ ಕಣ್ಣು, ಕಿಡ್ನಿಯಂಥ ಕಡೆಯ ಸಣ್ಣ ರಕ್ತನಾಳಗಳ ತೊಂದರೆ ಶೇ 37ರಷ್ಟು ಕಡಿಮೆ ಕಂಡಿತ್ತು. 9 ಇದ್ದದ್ದು 8ಕ್ಕೆ ಬಂದರೂ ಲಾಭವೇ. ಪೂರ್ತಿ ನಾರ್ಮಲ್ ಆಗುವವರೆಗೆ ಎಲ್ಲ ವ್ಯರ್ಥ ಅಂದುಕೊಳ್ಳುವವರೇ ಬೇಗ ಕೈಚೆಲ್ಲುತ್ತಾರೆ.

ನಂಬಿಕೆ ಬಾರದೆ ಲ್ಯಾಬಿನಿಂದ ಲ್ಯಾಬಿಗೆ ಅಲೆಯುವವರಿದ್ದಾರೆ. ಒಂದು ಸಲ ಮತ್ತೆ ಪರೀಕ್ಷೆ ಮಾಡಿಸುವುದು ಸರಿಯೇ. ದಾಹ, ಪದೇ ಪದೇ ಮೂತ್ರ, ತೂಕ ಇಳಿಯುವಂಥ ಲಕ್ಷಣಗಳಿಲ್ಲದಿದ್ದರೆ ಎರಡನೇ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು ಎಂಬುದು ವೈದ್ಯರದೇ ನಿಯಮ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಬಂದರೆ ಮಧುಮೇಹ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದವರಿಗೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಹೆಣ್ಣುಮಕ್ಕಳು ಹಿಮೋಗ್ಲೋಬಿನ್ ಎಷ್ಟಿದೆ ಎಂದೂ ವೈದ್ಯರಿಗೆ ಹೇಳಬೇಕು. ಎರಡನೇ ಸಲವೂ ಅದೇ ಬಂದರೆ ಅಲೆದಾಟ ನಿಲ್ಲಿಸಿ.

ಮೊದಲ ವಾರಗಳಲ್ಲಿ ಇನ್ನೊಂದು ಗಾಬರಿ, ಕಣ್ಣು ಮಂಜಾಗುವುದು. ‘ಆಗಲೇ ಕಣ್ಣಿಗೆ ಬಂತು’ ಅಂತ ಅಳುವವರುಂಟು. ಏರಿದ್ದ ಸಕ್ಕರೆ ಔಷಧಿಗೆ ಇಳಿಯುವಾಗ ಕಣ್ಣಿನ ಮಸೂರದ ನೀರಿನಂಶ ಬದಲಾಗಿ ಹೀಗಾಗುತ್ತದೆ, ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಆ ಅವಸರದಲ್ಲಿ ಹೊಸ ಕನ್ನಡಕ ಮಾಡಿಸಿದರೆ ತಿಂಗಳೊಳಗೆ ಅದು ಹೊಂದದೆ ದುಡ್ಡು ದಂಡ. ಅಕ್ಷಿಪಟಲದ, ಅಂದರೆ ಕಣ್ಣಿನ ಹಿಂಭಾಗದ ರೆಟಿನಾದ, ಪರೀಕ್ಷೆಯನ್ನಂತೂ ಈಗಲೇ ಒಮ್ಮೆ ಮಾಡಿಸಿ. ಹೆದರುತ್ತ ಕೂರುವುದಕ್ಕಿಂತ ಅಲ್ಲಿ ಏನಿದೆಯೋ ತಿಳಿದಿರುವುದು ಹಗುರ.

ಇನ್ನು ಅಪರಾಧಿ ಭಾವ. ಮಂಡ್ಯದವರಿಗೆ ಈ ಮಾತು ತಪ್ಪಿದ್ದಲ್ಲ: ಸಕ್ಕರೆ ನಾಡಿನವರು, ತಿಂದಿರಿ, ಬಂತು. ಟೈಪ್ 2 ಮಧುಮೇಹ ಬರುವುದು ಮನೆತನದ ಗುಣ, ಹೊಟ್ಟೆಯ ಸುತ್ತಲಿನ ಕೊಬ್ಬು, ವಯಸ್ಸು, ಕೂತು ಮಾಡುವ ಕೆಲಸ, ಕೆಟ್ಟ ನಿದ್ದೆ ಎಲ್ಲ ಕೂಡಿ ಇನ್ಸುಲಿನ್ ಕೆಲಸ ಮಾಡದಂತಾದಾಗ. ಆಲೆಮನೆಯಲ್ಲಿ ಕುಡಿದ ಕಬ್ಬಿನ ಹಾಲನ್ನೊಂದೇ ಕಟಕಟೆಗೆ ಎಳೆಯಬೇಡಿ. ಬೆಲ್ಲದ ಮೇಲೆ ಕೆಲವರಿಗೆ ಇರುವ ಕುರುಡು ನಂಬಿಕೆಯೂ ಬೇಡ. ಅದೂ ಬಹುಪಾಲು ಸುಕ್ರೋಸೇ, ಅಂದರೆ ಸಕ್ಕರೆಯೇ.

ಮನಸ್ಸನ್ನು ದಿನವೂ ಕೆಡಿಸುವುದು ಮೀಟರ್. ಲ್ಯಾಬಿನಲ್ಲಿ 150 ಬರುವ ರಕ್ತಕ್ಕೆ ಮನೆಯ ಮೀಟರು 128 ತೋರಿಸಿದರೂ, 172 ತೋರಿಸಿದರೂ ಅದು ಸರಿಯಾಗಿದೆ ಎಂದೇ ಲೆಕ್ಕ; ಅಂತರರಾಷ್ಟ್ರೀಯ ಮಾನದಂಡ ಶೇ 15ರಷ್ಟು ಆಚೀಚೆಗೆ ಒಪ್ಪುತ್ತದೆ. ನಿನ್ನೆ 142, ಇವತ್ತು 155 ಎಂದು ಅಳುವುದರಲ್ಲಿ ಹುರುಳಿಲ್ಲ. ಮಾವಿನಹಣ್ಣು ಹೆಚ್ಚಿದ ಬೆರಳನ್ನೇ ಚುಚ್ಚಿದರೆ 300 ಬಂದೀತು. ಕೈ ತೊಳೆದು, ಒರೆಸಿ, ಚುಚ್ಚಿ. ರಾತ್ರಿ ಏನೂ ತಿನ್ನದಿದ್ದರೂ ಬೆಳಿಗ್ಗೆ ಏರಿರುವುದು ಬಹಳ ಜನರನ್ನು ಕುಗ್ಗಿಸುತ್ತದೆ. ಬೆಳಗಿನ ಜಾವ ಏರುವ ಹಾರ್ಮೋನುಗಳು ಲಿವರಿನಿಂದ ಸಕ್ಕರೆ ಬಿಡಿಸುತ್ತವೆ, ಅದರಲ್ಲಿ ನಿಮ್ಮ ತಪ್ಪಿಲ್ಲ. ಬರೀ ಮಾತ್ರೆಯಲ್ಲಿ ಇರುವವರು ವೈದ್ಯರನ್ನು ಕೇಳಿಕೊಂಡು ವಾರಕ್ಕೆ ಎರಡು ಮೂರು ದಿನ, ಒಂದೇ ಊಟದ ಮುಂಚೆ ಮತ್ತು ಮೊದಲ ತುತ್ತಿನಿಂದ ಎರಡು ಗಂಟೆಗೆ ನೋಡಿದರೆ ಸಾಕು. ಎರಡರ ನಡುವಿನ ವ್ಯತ್ಯಾಸ ಆ ಊಟದ ವಿಚಾರ ಹೇಳುತ್ತದೆ. ನಡುಕ, ಬೆವರು ಏನೂ ಇಲ್ಲದೆ ಹೊತ್ತಲ್ಲದ ಹೊತ್ತಿನಲ್ಲಿ ಹೆದರಿ ಚುಚ್ಚಿಕೊಂಡ ಅಂಕಿ ಏನನ್ನೂ ಹೇಳುವುದಿಲ್ಲ.

ಮುದ್ದೆಯ ವಿಷಯದಲ್ಲಿ ಆಗುವ ನಿರಾಸೆಯೇ ಬೇರೆ. ‘ರಾಗಿ ಅಲ್ವಾ, ಎಷ್ಟು ತಿಂದ್ರೂ ಏನಾಗಕಿಲ್ಲ’ ಎಂಬ ಮಾತು ನಂಬಿ ಎರಡು ಮುದ್ದೆ ತಿಂದು, ಮೀಟರಿನಲ್ಲಿ 240 ನೋಡಿ, ‘ಇನ್ನೇನು ತಿನ್ನಲಿ’ ಎಂದು ಕೂರುತ್ತಾರೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್, ಅಷ್ಟೇ ಅಕ್ಕಿಯಲ್ಲಿ ಸುಮಾರು 78. ನಾರು ರಾಗಿಯಲ್ಲಿ ಹೆಚ್ಚು, ಆದರೆ ಲೆಕ್ಕ ತಪ್ಪಿಸುವುದು ಗಾತ್ರ. ಒಂದು ದಿನ ಹಿಟ್ಟು ತೂಗಿ ಮುದ್ದೆ ಕಟ್ಟಿಸಿ. ನಿಮ್ಮ ಮನೆಯ ಒಂದು ಮುದ್ದೆಗೆ 60 ಗ್ರಾಂ ಹೋಗುತ್ತದೋ 120 ಹೋಗುತ್ತದೋ ಗೊತ್ತಾಗಲಿ. ಚಿಕ್ಕ ಮುದ್ದೆ, ಜೊತೆಗೆ ಸೊಪ್ಪು, ಕಾಳಿನ ಸಾರು. ಮುದ್ದೆ ಬಿಡಿ ಎಂದು ನಾನಂತೂ ಹೇಳುವುದಿಲ್ಲ. ಅನ್ನ, ಮುದ್ದೆ, ಕಾಫಿ ಎಲ್ಲವನ್ನೂ ಒಂದೇ ದಿನ ಬಿಟ್ಟವರು ಹದಿನೈದು ದಿನ ನಿಂತರೆ ಹೆಚ್ಚು. ಆಮೇಲೆ ಒಂದು ಒಬ್ಬಟ್ಟಿನಲ್ಲಿ ಶುರುವಾದದ್ದು ಐದಕ್ಕೆ ಹೋಗಿ ನಿಲ್ಲುತ್ತದೆ, ಮಾರನೆಯ ದಿನ ಮತ್ತೆ ಅಪರಾಧಿ ಭಾವ.

ಬೀಗರ ಊಟಕ್ಕೆ ಹೋಗುವುದನ್ನೇ ಬಿಡುವವರನ್ನು ಕಂಡರೆ ಬೇಸರವಾಗುತ್ತದೆ. ಹೋಗಿ. ಬಾಡಿನ ತುಂಡಿನಲ್ಲಿ ಸಕ್ಕರೆ ಏರಿಸುವ ಪದಾರ್ಥ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಕೊಬ್ಬಿನ ಮೇಲೆ ಕಣ್ಣಿರಲಿ. ಮೊದಲು ಸೌತೆಕಾಯಿ, ಈರುಳ್ಳಿ, ಬಾಡು. ಆಮೇಲೆ ಅರ್ಧ ಮುದ್ದೆ. ಅನ್ನ ಕೊನೆಗೆ, ಸ್ವಲ್ಪ. ಕೈ ತೊಳೆದ ಮೇಲೆ ಕುರ್ಚಿ ಹುಡುಕದೆ 15 ನಿಮಿಷ ಓಡಾಡಿ. ಎಡವುವುದು ಬೇರೆಲ್ಲೋ: ಮಧ್ಯಾಹ್ನ ಜೋರಾಗಿ ತಿನ್ನೋಣವೆಂದು ಬೆಳಗಿನ ತಿಂಡಿ ಬಿಟ್ಟು ಗ್ಲಿಮೆಪಿರೈಡ್ ಮಾತ್ರ ನುಂಗಿರುತ್ತಾರೆ, ಎಲೆ ಹಾಕುವುದು ಎರಡೂವರೆಗೆ. ಅಷ್ಟರಲ್ಲಿ ನಡುಕ. ತಿಂಡಿ ತಿಂದೇ ಹೊರಡಿ. ‘ಯಾಕಣ್ಣ, ಒಸಿ ಪಾಯಸ ಹಾಕಿಸ್ಕೋ, ಒಂದಿನಕ್ಕೆ ಏನಾಗದು’ ಅಂದವರಿಗೆ ಕಾಯಿಲೆಯ ವಿವರ ಕೊಡಬೇಕಾಗಿಲ್ಲ. ‘ಹೊಟ್ಟೆ ತುಂಬ್ತು ಕಣಪ್ಪ’ ಎಂದು ಎಲೆಗೆ ಕೈ ಅಡ್ಡ ಹಿಡಿದರೆ ಮುಗಿಯಿತು.

ಮನೆಯಲ್ಲಿ ಕಾವಲು ಕಾಯುವವರೊಡನೆ ಮಾತ್ರ ಹೀಗೆ ಜಾರಿಕೊಳ್ಳಲಾಗದು. ಊಟದ ಹೊತ್ತಿನಲ್ಲಿ ಶುಗರ್ ಮಾತು ಬೇಡ, ಭಾನುವಾರ ಸಂಜೆ ಒಟ್ಟಿಗೆ ಕೂತು ಶುಗರ್ ಬರೆದಿಟ್ಟ ಪುಸ್ತಕ ನೋಡೋಣ ಎಂದು ಹೆಂಡತಿಗೋ ಮಗನಿಗೋ ಒಮ್ಮೆ ಹೇಳಿ ಒಪ್ಪಿಸಿ. ನಿಮಗೊಂದು ಬೇರೆ ಪಾತ್ರೆ, ಬೇರೆ ಅಡಿಗೆಯೂ ಬೇಡ. ನಿಮಗೆ ಆಗುವ ಊಟ ಎಲ್ಲರಿಗೂ ಆಗುತ್ತದೆ. ಎಲ್ಲರಿಗೂ ಬಡಿಸಿ ಕೊನೆಗೆ ಮೂರು ಗಂಟೆಗೆ ಉಣ್ಣುವ ತಾಯಂದಿರಿಗೆ ಶುಗರ್ ಇದ್ದರೆ ಮೊದಲು ಬದಲಾಗಬೇಕಾದ್ದು ಆ ಹೊತ್ತು.

ಕಾಯಿಲೆಯೊಡನೆ ಏಗಿ ಏಗಿ ಬರುವ ಬೇಸರ ಬೇರೆ, ಖಿನ್ನತೆ ಬೇರೆ. ಎರಡು ವಾರ ಹೆಚ್ಚು ಕಡಿಮೆ ದಿನವೂ ಯಾವುದರಲ್ಲೂ ಆಸೆಯಿಲ್ಲ, ನಿದ್ದೆ ಹಸಿವು ಕೆಟ್ಟಿದೆ, ಬದುಕೇ ಬೇಡ ಅನ್ನಿಸುತ್ತಿದೆ ಎಂದಾದರೆ ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದಿದ್ದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಫೋನ್ ಮಾಡಿ, ಮನೆಯವರನ್ನೂ ಎಬ್ಬಿಸಿ. ವರ್ಷಗಳಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದು ಸುಸ್ತು, ಮಂಕು ಇದ್ದರೆ ವಿಟಮಿನ್ ಬಿ12 ಕೂಡ ನೋಡಿಸಿ, ಆ ಮಾತ್ರೆ ಅದನ್ನು ಇಳಿಸಬಲ್ಲದು.

ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಒಂದು ಚೀಟಿ ಬರೆದುಕೊಂಡು ಹೋಗಿ. ಮೊದಲ ಸಾಲು ‘ರಾತ್ರಿ ಎರಡಕ್ಕೆ ಎಚ್ಚರ ಆಗುತ್ತೆ’ ಎಂದೇ ಇರಲಿ. ರಿಪೋರ್ಟ್ ಕೈಗೆ ಕೊಡುವ ಮೊದಲೇ ಅದನ್ನು ಓದಿಬಿಡಿ. ರಿಪೋರ್ಟ್ ಕೊಟ್ಟರೆ ಮಾತು ಅಂಕಿಗಳಿಗೆ ಹೋಗುತ್ತದೆ, ಅಷ್ಟರಲ್ಲಿ ಮುಂದಿನ ಟೋಕನ್ ಕರೆದಿರುತ್ತಾರೆ.