ಹಲಸೂರು ಗೇಟಿನಿಂದ ಇನ್‌ಫೆಂಟ್ರಿ ರಸ್ತೆಗೆ: ಪೊಲೀಸ್ ಚರಿತ್ರೆಯ ಜಾಡು

ಬೆಂಗಳೂರು ಪೊಲೀಸರ ಚರಿತ್ರೆ ನೋಡಲು ಮ್ಯೂಸಿಯಂ ಹುಡುಕಬೇಕಿಲ್ಲ. ಕಾರ್ಪೊರೇಷನ್ ವೃತ್ತದಿಂದ ಇನ್‌ಫೆಂಟ್ರಿ ರಸ್ತೆಯವರೆಗೆ ಹೆಚ್ಚುಕಮ್ಮಿ ಮೂರು ಕಿ.ಮೀ. ನಡೆದರೆ ಸಾಕು. ಭಾನುವಾರ ಬೆಳಿಗ್ಗೆಯಾದರೆ ರಸ್ತೆ ದಾಟುವ ಪಡಿಪಾಟಲು ಕಡಿಮೆ.

ಮೊದಲು ಹಲಸೂರು ಗೇಟ್ ಠಾಣೆ. ಆಟೋದವರಿಗೆ ‘ಗೇಟ್’ ಬಿಟ್ಟು ಬರೀ ಹಲಸೂರು ಠಾಣೆ ಅಂದಿರೋ, ಕೆರೆ ಕಡೆಯ ಬೇರೆಯದೇ ಠಾಣೆಗೆ ಒಯ್ದು ಇಳಿಸುತ್ತಾರೆ. ಪೇಟೆಯ ಕೋಟೆಯಿಂದ ಹಲಸೂರಿನತ್ತ ಹೊರಡುವ ಬಾಗಿಲು ಇದ್ದದ್ದು ಇಲ್ಲಿ. ಬಾಗಿಲ ಒಳಗಿನ ಪೇಟೆ ಮೈಸೂರಿನದು. ಪೂರ್ವಕ್ಕೆ 1809ರಲ್ಲಿ ಶುರುವಾದ ದಂಡು, ಅಂದರೆ ಕಂಟೋನ್ಮೆಂಟ್, ಬ್ರಿಟಿಷರದು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ದಂಡನ್ನು ಮಾತ್ರ ತಮ್ಮ ಬಳಿಯೇ ಇಟ್ಟುಕೊಂಡರು. ಹೀಗಾಗಿ ಅಕ್ಕಪಕ್ಕದಲ್ಲೇ ಎರಡು ಆಡಳಿತ, ಎರಡು ಪೊಲೀಸ್. ದಂಡು ಮೈಸೂರಿಗೆ ಮರಳಿದ್ದು 1947ರ ಜುಲೈ 26ರಂದು.

ನೃಪತುಂಗ ರಸ್ತೆಯಲ್ಲಿರುವುದು ರಾಜ್ಯ ಪೊಲೀಸ್ ಪ್ರಧಾನ ಕಚೇರಿ. ನಗರದ ಕಮಿಷನರ್ ಕೂರುವುದು ಇಲ್ಲಲ್ಲ. ಫೋಟೊ ತೆಗೆಯುವುದಿದ್ದರೆ ಪಹರೆಯವರನ್ನು ಕೇಳಿಯೇ ತೆಗೆಯಿರಿ.

ಕೆ.ಆರ್. ವೃತ್ತದಿಂದ ಶೇಷಾದ್ರಿ ರಸ್ತೆಗೆ ತಿರುಗಿದರೆ ಹಳೆಯ ಸೆಂಟ್ರಲ್ ಜೈಲು, ಈಗಿನ ಫ್ರೀಡಂ ಪಾರ್ಕ್. ಎಲ್ಲ ಬ್ಯಾರಕ್‌ಗಳ ಮೇಲೂ ಒಬ್ಬನೇ ಕಣ್ಣಿಡುವಂತೆ ಕಟ್ಟಿದ ನಡುಗೋಪುರ ನೋಡುವಂಥದ್ದು. 2021ರ ಆದೇಶದಂತೆ ನಗರದ ಪ್ರತಿಭಟನೆಗಳಿಗೆ ಇದೇ ಜಾಗ. ದೊಡ್ಡ ಧರಣಿಯ ದಿನ ಈ ಕಡೆ ತಲೆ ಹಾಕದಿರುವುದು ಲೇಸು.

ವೃತ್ತಕ್ಕೆ ಮರಳಿ, ಅಂಬೇಡ್ಕರ್ ವೀಧಿ ಹಿಡಿದು ಜಿಪಿಒ (ಪ್ರಧಾನ ಅಂಚೆ ಕಚೇರಿ) ಬಳಿ ಬಂದರೆ ಪೊಲೀಸ್ ತಿಮ್ಮಯ್ಯ ವೃತ್ತ. 1995ರಲ್ಲಿ ಇಲ್ಲಿಯೇ ತಾಯಿ, ಮಗುವನ್ನು ಲಾರಿಯಿಂದ ಉಳಿಸಲು ಹೋಗಿ ಜೀವ ಕೊಟ್ಟ ಸಂಚಾರ ಪೇದೆ ‘ಮೀಸೆ ತಿಮ್ಮಯ್ಯ’. ರಾಜಭವನದ ಮಗ್ಗುಲಿನ ವೃತ್ತಕ್ಕೆ ಪೇದೆಯ ಹೆಸರಿಟ್ಟದ್ದು ಈ ಊರು ಮಾಡಿದ ಒಳ್ಳೆಯ ಕೆಲಸಗಳಲ್ಲೊಂದು. ಇಲ್ಲಿ ನಿಂತ ಸಂಚಾರ ಪೊಲೀಸರನ್ನು ಗಮನಿಸಿ: ಬಿಳಿ ಅಂಗಿ, ಖಾಕಿ ಪ್ಯಾಂಟು. ಪೇದೆಗಳ ತಲೆಯ ಮೇಲೆ ದಶಕಗಳ ಕಾಲ ಇದ್ದದ್ದು ಒಂದು ಬದಿ ಮೇಲಕ್ಕೆ ಮಡಿಚಿದ ಅಗಲ ಅಂಚಿನ ಟೋಪಿ. ಬಿಸಿಲಿಗೆ ಭಾರ, ಗಾಳಿಗೆ ನಿಲ್ಲದು, ಓಡಬೇಕಾದಾಗ ಒಂದು ಕೈ ಟೋಪಿಗೇ ಮೀಸಲು. 2025ರಲ್ಲಿ ಅದರ ಬದಲಿಗೆ ನೀಲಿ ಪೀಕ್ ಕ್ಯಾಪ್ ಬಂತು.

ಮುಂದೆ ಇನ್‌ಫೆಂಟ್ರಿ ರಸ್ತೆಯಲ್ಲಿ ಕಮಿಷನರ್ ಕಚೇರಿ. ಕಮಿಷನರೇಟ್ ಹುಟ್ಟಿದ್ದು 1963ರಲ್ಲಿ; ಮೊದಲ ಕಮಿಷನರ್ ಸಿ. ಚಾಂಡಿ. ಬದಲಾದದ್ದು ಬೋರ್ಡು ಮಾತ್ರವಲ್ಲ. ಜಿಲ್ಲೆಯಲ್ಲಿ ನಿಷೇಧಾಜ್ಞೆ ಬೇಕೆಂದರೆ ಎಸ್‌ಪಿ ಜಿಲ್ಲಾಧಿಕಾರಿಯ ಕಡೆ ನೋಡಬೇಕು. ಇಲ್ಲಿ ಕಮಿಷನರೇ ಸಹಿ ಹಾಕುತ್ತಾರೆ. ವಾಪಸಾಗಲು ಕಬ್ಬನ್ ಪಾರ್ಕ್ ಮೆಟ್ರೊ ಅಥವಾ ಶಿವಾಜಿನಗರದ ಬಸ್ಸು; ಎರಡೂ ನಡೆಯುವಷ್ಟೇ ದೂರ.