ಅವರು ಕೊಟ್ಟಿದ್ದು ಬಿಸಿ ಅನ್ನ, ನಾವು ಅಳೆದದ್ದು ತಂಗಳು

ಮಂಗಳವಾರ ಹನ್ನೊಂದರ ಹೊತ್ತಿಗೆ ಅನ್ನದ ಸ್ಯಾಂಪಲಿನ ಬಣ್ಣದ ರೀಡಿಂಗ್ 510 ನ್ಯಾನೋಮೀಟರಿನಲ್ಲಿ ಮುಗಿಯಿತು. ಬ್ಲಾಂಕ್ ಸರಿ, ಡುಪ್ಲಿಕೇಟ್ ಎರಡೂ ಅಕ್ಕಪಕ್ಕದಲ್ಲೇ ಕೂತಿದ್ದವು. ಲೆಕ್ಕ ಹಾಕಿದರೆ ಆರ್‌ಎಸ್ (ರೆಸಿಸ್ಟೆಂಟ್ ಸ್ಟಾರ್ಚ್, ಸಣ್ಣ ಕರುಳಿನಲ್ಲಿ ಜೀರ್ಣವಾಗದ ಪಿಷ್ಟ) 2.4 ಪರ್ಸೆಂಟ್. ಹಿಂದಿನ ತಿಂಗಳು ಇದೇ ಪಾರ್ಟಿಯ ಇದೇ ಅನ್ನಕ್ಕೆ ಇದೇ ಬೆಂಚಿನಿಂದ 1.1 ಎಂದು ಸಿಒಎ, ಅಂದರೆ ಪರೀಕ್ಷೆಯ ಸರ್ಟಿಫಿಕೇಟ್, ಹೋಗಿತ್ತು. ಅಕ್ಕಿ ಅದೇ, ಮಂಡ್ಯದ ಅಡುಗೆಮನೆ ಅದೇ, ಅನಲಿಸ್ಟ್ ಕೂಡ ಅದೇ. ಅಂಕಿ ಮಾತ್ರ ಎರಡರಷ್ಟು.

ಮೈಸೂರಿನ ನಮ್ಮಂಥ ಸಣ್ಣ ಆಹಾರ ಪರೀಕ್ಷಾ ಲ್ಯಾಬಿನಲ್ಲಿ ಇಂಥದ್ದು ಬಂದರೆ ಮೊದಲು ಬೈಸಿಕೊಳ್ಳುವುದು ಪಿಷ್ಟ ಜೀರ್ಣಿಸಲು ಟ್ಯೂಬಿಗೆ ಹಾಕುವ ಕಿಣ್ವ. ಅದಕ್ಕೆ ಬಾಯಿಲ್ಲ, ಬೆಲೆ ದುಬಾರಿ, ಸಪ್ಲೈಯರ್ ದೂರದಲ್ಲಿದ್ದಾನೆ. ‘ಲಾಟ್ ಸರಿಯಿಲ್ಲ’ ಎಂದರೆ ಮೀಟಿಂಗ್ ಐದು ನಿಮಿಷಕ್ಕೆ ಮುಗಿಯುತ್ತದೆ. ನಾನೂ ಅದನ್ನೇ ಹೇಳಿದೆ.

ಹೇಳಿದ್ದು ಪೂರಾ ಬುರುಡೆಯಲ್ಲ. ಈ ಪರೀಕ್ಷೆಯಲ್ಲಿ ಅಳೆಯುವುದು ಕಿಣ್ವ ತಿನ್ನದೆ ಬಿಟ್ಟದ್ದನ್ನು. ಕಿಣ್ವ ಸೋಮಾರಿಯಾದರೆ ಜೀರ್ಣವಾಗಬೇಕಿದ್ದ ಪಿಷ್ಟವೂ ಟ್ಯೂಬಿನ ತಳದಲ್ಲಿ ಉಳಿದು ಆರ್‌ಎಸ್ ಲೆಕ್ಕಕ್ಕೆ ಸೇರಿಬಿಡುತ್ತದೆ. ಕೆಟ್ಟ ಕಿಣ್ವದಿಂದ ಅಂಕಿ ಏರುತ್ತದೆ. ನಮ್ಮದೂ ಏರಿತ್ತು. ಅಷ್ಟು ಸಾಕಾಯಿತು.

ಪಿಷ್ಟವೆಂದರೆ ಗ್ಲೂಕೋಸಿನ ಸರ. ಅಮೈಲೋಸ್ ಹೆಚ್ಚುಕಡಿಮೆ ನೇರ ಸರ, ಅಮೈಲೊಪೆಕ್ಟಿನ್ ಕೊಂಬೆ ಕೊಂಬೆಯಾಗಿ ಒಡೆದ ಸರ. ಆಲ್ಫಾ ಅಮೈಲೇಸ್ ಸರದ ನಡುವೆ ಕೈಗೆ ಸಿಕ್ಕ 1,4 ಕೊಂಡಿಯನ್ನು ಕತ್ತರಿಸುತ್ತದೆ. ಕೊಂಬೆ ಕವಲೊಡೆಯುವ ಜಾಗದ 1,6 ಕೊಂಡಿ ಅದರ ಕೈಲಾಗದು. ಆಮೇಲೆ ಉಳಿಯುವುದು ಮಾಲ್ಟೋಸ್, ಮಾಲ್ಟೋಟ್ರಯೋಸ್, ಕವಲಿರುವ ಡೆಕ್ಸ್‌ಟ್ರಿನ್ ಚೂರುಗಳು. ಬಾಯಲ್ಲಿ ಶುರುವಾದ ಈ ಕೆಲಸ ಜಠರದ ಹುಳಿಯಲ್ಲಿ ನಿಂತು, ಮೇದೋಜೀರಕದ ಅಮೈಲೇಸ್ ಬಂದ ಮೇಲೆ ಸಣ್ಣ ಕರುಳಿನಲ್ಲಿ ಮುಂದುವರಿಯುತ್ತದೆ. ಉಳಿದ ಚೂರುಗಳನ್ನು ಕರುಳಿನ ಗೋಡೆಯ ಕಿಣ್ವಗಳು ಗ್ಲೂಕೋಸ್ ಮಾಡಿ ಮುಗಿಸುತ್ತವೆ. ಟ್ಯೂಬಿನೊಳಗೆ ಆ ಗೋಡೆಯ ಕೆಲಸ ಎಎಮ್‌ಜಿ (ಅಮೈಲೋಗ್ಲೂಕೋಸಿಡೇಸ್) ಎಂಬ ಇನ್ನೊಂದು ಕಿಣ್ವದ್ದು. ಅದು ಕಡಿಮೆ ಬಿದ್ದರೆ ಮಾಲ್ಟೋಸ್ ಗುಡ್ಡೆಬಿದ್ದು ಅಮೈಲೇಸಿನ ಕೈ ಕಟ್ಟಿಹಾಕುತ್ತದೆ.

ಹಾಗಾಗಿ ಮೊದಲು ಹುಡುಕಿದ್ದು ಇಲ್ಲೇ. ಪ್ಯಾಂಕ್ರಿಯಾಟಿಕ್ ಅಮೈಲೇಸ್ ಮಿ.ಲೀ.ಗೆ 10 ಮಿಲಿಗ್ರಾಂ, ಜೊತೆಗೆ ಎಎಮ್‌ಜಿ ಮಿ.ಲೀ.ಗೆ 3 ಯೂನಿಟ್, ಪಿಎಚ್ 6ರ ಮೇಲಿಯೇಟ್ ಬಫರ್. ಬಫರಿಗೆ ಕ್ಯಾಲ್ಸಿಯಂ ಹಾಕಿದ್ದಾರಾ? ಹಾಕಿದ್ದಾರೆ, ಕ್ಯಾಲ್ಸಿಯಂ ಇಲ್ಲದೆ ಅಮೈಲೇಸ್ ಗಟ್ಟಿಯಾಗಿ ನಿಲ್ಲುವುದಿಲ್ಲ. ದ್ರಾವಣ ಅವತ್ತೇ ಮಾಡಿದ್ದಾ? ಹೌದು. ಟ್ಯೂಬಿಗೆ 4 ಮಿ.ಲೀ. ಹೋಗಿದೆಯಾ? ಹೋಗಿದೆ. ಷೇಕಿಂಗ್ ಬಾತ್ 37 ಡಿಗ್ರಿ, 16 ಗಂಟೆ, ನಿಮಿಷಕ್ಕೆ 200 ಸ್ಟ್ರೋಕ್. ಟ್ಯೂಬುಗಳನ್ನು ಮಲಗಿಸಿ, ಬಾತ್ ಓಡಾಡುವ ದಿಕ್ಕಿಗೇ ಉದ್ದಕ್ಕೆ ಕಟ್ಟಬೇಕು. ನೆಟ್ಟಗೆ ನಿಲ್ಲಿಸಿದರೆ ಅನ್ನ ತಳದಲ್ಲಿ ಕೂತು ಮೇಲಿನ ಪದರ ಮಾತ್ರ ಕರಗುತ್ತದೆ, ಅಡ್ಡ ಕಟ್ಟಿದರೆ ಕಲಕುವುದೇ ಇಲ್ಲ. ನಮ್ಮ ಬಾತಿನ ಕ್ಲಾಂಪ್ ಎರಡು ಮುರಿದು ವರ್ಷವಾಯಿತು. ರಬ್ಬರ್ ಬ್ಯಾಂಡಿನಲ್ಲಿ ಕಟ್ಟುತ್ತೇವೆ. ಇಂಡೆಂಟ್ ಹಾಕಿದ ದಿನಾಂಕ ಬೇಕಾದವರಿಗೆ ಕೊಡುತ್ತೇನೆ.

ಎಲ್ಲ ಸರಿಯಿದ್ದೂ ಲಾಟ್ ಮೇಲಿನ ಅನುಮಾನ ಹೋಗಲಿಲ್ಲ. ಅದೇ ಕಿಣ್ವದಲ್ಲಿ ಆರ್‌ಎಸ್ ಎಷ್ಟೆಂದು ಮೊದಲೇ ಗೊತ್ತಿರುವ ಕಂಟ್ರೋಲ್ ಪಿಷ್ಟ ಒಂದು, ಒಳ್ಳೆಯ ಕಿಣ್ವ ಹೆಚ್ಚುಕಡಿಮೆ ಪೂರ್ತಿ ತಿಂದು ಮುಗಿಸುವ ಸಾದಾ ಮೆಕ್ಕೆಜೋಳದ ಪಿಷ್ಟ ಒಂದು ಮತ್ತೆ ಹಾಕಿಸಿದೆ. ಇನ್ನೊಂದು ರಾತ್ರಿ ಹೋಯಿತು. ಬುಧವಾರ ಬೆಳಿಗ್ಗೆ ಎಥನಾಲ್ ಹಾಕಿ ಸೆಂಟ್ರಿಫ್ಯೂಜ್, 50 ಪರ್ಸೆಂಟ್ ಎಥನಾಲಿನಲ್ಲಿ ಎರಡು ವಾಷ್, ತಳದಲ್ಲಿ ಉಳಿದ ಪೆಲೆಟ್ಟನ್ನು ಕರಗಿಸಲು ಐಸ್ ಬಾತಿನಲ್ಲಿ 2 ಮೋಲಾರ್ ಕೆಒಎಚ್ ಕ್ಷಾರ 2 ಮಿ.ಲೀ., 20 ನಿಮಿಷ ಸ್ಟಿರ್ರಿಂಗ್. ಕೆಒಎಚ್ ಹಾಕುವಾಗ ಸ್ಟಿರ್ರರ್ ಓಡುತ್ತಲೇ ಇರಬೇಕು. ನಿಂತ ಪೆಲೆಟ್ಟಿಗೆ ಸುರಿದರೆ ರಾಗಿ ಹಿಟ್ಟಿಗೆ ಎಸರು ಸುರಿದಂತೆ ಗಂಟು ಕಟ್ಟುತ್ತದೆ, ಗಂಟಿನ ಒಳಗಿನದು ಲೆಕ್ಕಕ್ಕೆ ಬರುವುದಿಲ್ಲ. ಆಮೇಲೆ ಪಿಎಚ್ 3.8ರ ಅಸಿಟೇಟ್ ಬಫರ್ 8 ಮಿ.ಲೀ., ಕರಗಿದ ಪಿಷ್ಟವನ್ನು ಗ್ಲೂಕೋಸ್ ಮಾಡಲು ತಡಮಾಡದೆ ಎಎಮ್‌ಜಿ 0.1 ಮಿ.ಲೀ., 50 ಡಿಗ್ರಿಯಲ್ಲಿ ಅರ್ಧ ಗಂಟೆ. ಕೊನೆಗೆ 0.1 ಮಿ.ಲೀ. ತೆಗೆದು 3 ಮಿ.ಲೀ. ಗೋಪಾಡ್, ಗ್ಲೂಕೋಸ್ ಹೆಚ್ಚಿದ್ದಷ್ಟೂ ಗುಲಾಬಿಯಾಗುವ ರೀಏಜೆಂಟ್.

ಗೋಪಾಡ್ ಬಾತಿನಲ್ಲಿರುವ 20 ನಿಮಿಷ ಏನೂ ಮಾಡಲಾಗದ ಹೊತ್ತು. ಬಣ್ಣ ಕಣ್ಣೆದುರೇ ಗುಲಾಬಿಗೆ ತಿರುಗುತ್ತಿರುತ್ತದೆ, ಎಷ್ಟು ಗುಲಾಬಿ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಬಾಗಿಲಲ್ಲಿ ಮ್ಯಾನೇಜರ್ ನಿಂತಿದ್ದರು. ಮೆಕ್ಕೆಜೋಳದ ಟ್ಯೂಬು ಕಡುಗುಲಾಬಿಯಾಗಲಿ ಎಂದು ನಾನು ಮನಸ್ಸಿನಲ್ಲೇ ಹಾರೈಸುತ್ತಿದ್ದೆ. ಕಿಣ್ವ ಕೆಟ್ಟಿದೆಯೆಂದು ರುಜುವಾತಾದರೆ ಸಾಕಿತ್ತು. ಪರೀಕ್ಷೆ ಮಾಡುವವರು ಉತ್ತರವನ್ನು ಹೀಗೆ ಹಾರೈಸಲು ಶುರುಮಾಡಿದರೆ ಎದ್ದು ಕಾಫಿ ಕುಡಿದು ಬರುವುದು ಒಳ್ಳೆಯದು.

ಟ್ಯೂಬು ತಿಳಿಯಾಗಿಯೇ ಉಳಿಯಿತು. ಕಂಟ್ರೋಲ್ ಬಾಟಲಿಯ ಮೇಲೆ ಬರೆದ ಅಂಕಿಗೆ ಹೊಂದಿತು. ಕಿಣ್ವ ಚೆನ್ನಾಗಿಯೇ ಇತ್ತು.

ಅಷ್ಟು ಹೊತ್ತಿಗೆ ಪಾರ್ಟಿಯವರ ಫೋನ್ ಬಂತು. ಮಾಲೀಕರು ಊರಲ್ಲಿರಲಿಲ್ಲ, ಮಾತಾಡಿದ್ದು ಅಡುಗೆಮನೆ ನೋಡಿಕೊಳ್ಳುವ ಹೆಂಗಸು.

“ಯಾವಾಗ ತುಂಬಿದ್ರಿ ಅಮ್ಮ?”

“ಒಲೆಯಿಂದ ಇಳಿಸಿ ಡಬ್ಬಿಗೆ ಹಾಕಿದ್ದೇ ಸಾರ್, ಶನಿವಾರ ಮಧ್ಯಾಹ್ನ. ನೀವು ಯಾವತ್ತು ನೋಡಿದ್ರಿ?”

“ಸೋಮವಾರ ಸಂಜೆ ಹಾಕಿದ್ವಿ.”

“ಅಯ್ಯೋ, ಅದು ತಂಗಳನ್ನ ಅಲ್ವಾ ಸಾರ್!”

ಶನಿವಾರ ಎರಡೂವರೆಗೆ ಬಂದ ಡಬ್ಬಿಯನ್ನು ರಿಸೀವಿಂಗ್‌ನವರು ಲ್ಯಾಬಿನ ಲಿಖಿತ ಕಾರ್ಯವಿಧಾನ, ಅಂದರೆ ಎಸ್‌ಒಪಿಯಲ್ಲಿ ಬರೆದಂತೆ 4 ಡಿಗ್ರಿಯ ಕೋಲ್ಡ್ ರೂಮಿಗೆ ಇಟ್ಟಿದ್ದರು. ಮೈಕ್ರೋಬಯಾಲಜಿಗೆಂದು ಬರೆದ ನಿಯಮ ಅದು. ಹಾಲಿಗೂ ಅದೇ, ಅನ್ನಕ್ಕೂ ಅದೇ. ಹಿಂದಿನ ತಿಂಗಳ ಡಬ್ಬಿ ಸೋಮವಾರ ಬೆಳಿಗ್ಗೆ ಬಿಸಿಯಾಗಿ ಬಂದು ಮಧ್ಯಾಹ್ನವೇ ಟ್ಯೂಬಿಗೆ ಹೋಗಿತ್ತು. ರಿಜಿಸ್ಟರಿನಲ್ಲಿ ಎರಡೂ ತಾರೀಖು ಕಣ್ಣೆದುರೇ ಇದ್ದವು. ಎರಡು ದಿನ ನಾನು ತಿರುವಿ ಹಾಕಿದ್ದು ಕಿಣ್ವದ ಲಾಟ್ ಸರ್ಟಿಫಿಕೇಟನ್ನು.

ಕೋಲ್ಡ್ ರೂಮಿನಲ್ಲಿ ಆಗುವುದು ಹೀಗೆ. ಅಕ್ಕಿ ಬೇಯುವಾಗ ಪಿಷ್ಟದ ಕಣ ನೀರು ಕುಡಿದು ಊದಿ, ಒಳಗಿನ ಹರಳಿನ ಕಟ್ಟು ಸಡಿಲಾಗಿ, ಅಮೈಲೋಸ್ ಸರಗಳು ಗಂಜಿಗೆ ಇಳಿಯುತ್ತವೆ. ಬಿಸಿ ಅನ್ನದ ಪಿಷ್ಟ ಬಿಚ್ಚಿಟ್ಟ ಹಗ್ಗದಂತಿರುತ್ತದೆ, ಕಿಣ್ವಕ್ಕೆ ಎಲ್ಲಿ ಬೇಕಾದರೂ ಬಾಯಿ ಹಾಕಲು ಬರುತ್ತದೆ. ಅನ್ನ ಆರಿದಂತೆ ಅಮೈಲೋಸ್ ಸರಗಳು ಎರಡೆರಡಾಗಿ ಹೆಣೆದುಕೊಂಡು, ಹೆಣಿಗೆಗಳು ಒತ್ತೊತ್ತಾಗಿ ಜೋಡಿಸಿಕೊಂಡು ಮತ್ತೆ ಹರಳುಗಟ್ಟುತ್ತವೆ. ಅಮೈಲೇಸಿನ ಸೀಳಿನಲ್ಲಿ ಹಿಡಿಸುವುದು ಒಂಟಿ ಸರ. ಹೆಣೆದ ಹಗ್ಗ ಅದರೊಳಗೆ ತೂರುವುದಿಲ್ಲ. ಅಮೈಲೋಸಿಗೆ ಇದು ಗಂಟೆಗಳ ಕೆಲಸ, ಅಮೈಲೊಪೆಕ್ಟಿನ್ನಿಗೆ ದಿನಗಳ ಕೆಲಸ. ಫ್ರಿಜ್ಜಿನ 4 ಡಿಗ್ರಿಯ ಆಸುಪಾಸಿನಲ್ಲಿ ಎರಡೂ ಚುರುಕಾಗುತ್ತವೆ. ಡೀಪ್ ಫ್ರೀಜರಿನಲ್ಲಿ ಬೇಗ ಹೆಪ್ಪುಗಟ್ಟಿಸಿದರೆ ಸರಗಳಿಗೆ ಅಲುಗಾಡಲು ಜಾಗವಿಲ್ಲದೆ ಬಹುಪಾಲು ನಿಂತುಬಿಡುತ್ತದೆ. ಕೆಡಬಾರದೆಂದು ನಾವು ಆರಿಸಿದ ತಂಪು ಈ ಪರೀಕ್ಷೆಯ ಮಟ್ಟಿಗೆ ಅತಿ ಕೆಟ್ಟ ತಂಪು. ಕಂಟ್ರೋಲ್ ಒಣ ಪುಡಿಯಾಗಿ ಬಾಟಲಿಯಲ್ಲಿ ಇದ್ದದ್ದು, ಅದಕ್ಕೆ ಕೋಲ್ಡ್ ರೂಮಿನ ಸುದ್ದಿಯೇ ಗೊತ್ತಿಲ್ಲ.

“ಬಿಸಿ ಮಾಡಿ ಮತ್ತೆ ಹಾಕಿ, ಮೊದಲಿನ ಹಾಗೆ ಆಗುತ್ತಲ್ಲ” ಎಂದು ಮ್ಯಾನೇಜರ್ ಹೇಳಿದರು. ಅರ್ಧ ನಿಜ. ಅಮೈಲೊಪೆಕ್ಟಿನ್ ಹರಳು 50-60 ಡಿಗ್ರಿಗೆ ಸಡಿಲಾಗುತ್ತದೆ, ಅದಕ್ಕೇ ತಂಗಳನ್ನ ಬಿಸಿಮಾಡಿದರೆ ಮೆತ್ತಗಾಗುವುದು. ಅಮೈಲೋಸ್ ಹರಳು ಪೂರ್ತಿ ಕರಗಲು 120 ಡಿಗ್ರಿಯೂ ಸಾಲದು. ಮೈಕ್ರೋವೇವ್ ಬಿಡಿ, ಕುಕ್ಕರಿನಲ್ಲಿ ಎಷ್ಟು ಸೀಟಿ ಹಾಕಿಸಿದರೂ ಒಳಗಿನ ಬಿಸಿ 120ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬಾಯಿಗೆ ಮೆತ್ತಗಾದ ಅನ್ನದಲ್ಲೂ ಆ ಭಾಗ ಹಾಗೇ ಇರುತ್ತದೆ.

ಜೀರ್ಣವಾಗದ್ದೆಲ್ಲ ಇದೇ ಜಾತಿಯಲ್ಲ. ಕಡಲೆ, ಹುರುಳಿಯ ಪಿಷ್ಟ ಜೀವಕೋಶದ ಗೋಡೆಯೊಳಗೆ ಬಂದಿಯಾಗಿರುತ್ತದೆ. ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿದರೆ ನೀವೇ ಬಾಗಿಲು ಒಡೆದಂತೆ, ಆರ್‌ಎಸ್ ಕೈಯಾರೆ ಇಳಿಯುತ್ತದೆ. ಬೇಯಿಸಿದ ತೇವದ ಸ್ಯಾಂಪಲನ್ನು ಕೈಮಿನ್ಸರಿನಲ್ಲಿ 4.5 ಮಿ.ಮೀ. ಜಾಲರಿ ದಾಟಿಸಿದರೆ ಸಾಕು, ಬಾಯಲ್ಲಿ ಅಗಿದಷ್ಟು. ಹಸಿ ಬಾಳೆಕಾಯಿಯದು ಇನ್ನೊಂದು: ಕಣವೇ ಒತ್ತಾಗಿ ಕಟ್ಟಿರುತ್ತದೆ, ಬೇಯಿಸಿದರೆ ಆ ಕೋಟೆ ಬೀಳುತ್ತದೆ. ಅದನ್ನು ಓವನ್ನಿನಲ್ಲಿ ಜೋರು ಬಿಸಿಗೆ ಒಣಗಿಸಿ ಪುಡಿಮಾಡಿ ತಂದು ‘ಆರ್‌ಎಸ್ ಯಾಕೆ ಬರಲಿಲ್ಲ’ ಎಂದು ಕೇಳುವವರು ತಿಂಗಳಿಗೊಬ್ಬರಾದರೂ ಸಿಗುತ್ತಾರೆ. ತೇವವಿರುವಾಗ ಬಿಸಿ ತಾಗಿದರೆ ಅದು ಬೇಯಿಸಿದ ಲೆಕ್ಕವೇ. ಎಣ್ಣೆ, ತುಪ್ಪದ ಕೊಬ್ಬಿನಾಮ್ಲ ಅಮೈಲೋಸ್ ಸುರುಳಿಯೊಳಗೆ ಕೂತರೂ ಕಿಣ್ವಕ್ಕೆ ಅಡ್ಡಿಯೇ. ರಾಗಿಯಲ್ಲಂತೂ ಸಿಪ್ಪೆಯ ಪಾಲಿಫಿನಾಲುಗಳು ಅಮೈಲೇಸನ್ನೇ ತಡೆಯುತ್ತವೆ. ಬಿಸಿ ಮುದ್ದೆಗೂ ರಾತ್ರಿ ಉಳಿದ ಮುದ್ದೆಗೂ ಅಂಕಿ ಬೇರೆ ಬಂದರೆ ಯಾವುದು ಹರಳಿನದು, ಯಾವುದು ಸಿಪ್ಪೆಯದು ಎಂದು ಒಂದೇ ಟ್ಯೂಬು ನೋಡಿ ಹೇಳಲಾಗದು.

ಲೆಕ್ಕದಲ್ಲಿ ಎಡವುವ ಜಾಗವೂ ಇದೆ. ಅನ್ನದಂಥ ತೇವದ ಸ್ಯಾಂಪಲನ್ನು 500 ಮಿಲಿಗ್ರಾಂ ತೂಗುತ್ತೇವೆ. ತೇವಾಂಶ 70 ಪರ್ಸೆಂಟ್ ಎಂದರೆ ಒಣ ತೂಕ 150. ಆ ದಿನದ ರೀಡಿಂಗ್ 0.396, ರೀಡಿಂಗನ್ನು ಗ್ಲೂಕೋಸಿನ ತೂಕಕ್ಕೆ ತಿರುಗಿಸುವ ಫ್ಯಾಕ್ಟರ್ 98. ಇವೆರಡರ ಗುಣಲಬ್ಧವನ್ನು ವಿಧಾನದ ಸ್ಥಿರಾಂಕ 9.27ರಿಂದ ಗುಣಿಸಿ 150ರಿಂದ ಭಾಗಿಸಿದರೆ 2.4. ಮರೆತು 500ರಿಂದ ಭಾಗಿಸಿದರೆ 0.72. ಎರಡೂ ನಿಜವೇ, ಒಂದು ಒಣ ತೂಕಕ್ಕೆ, ಇನ್ನೊಂದು ತಟ್ಟೆಯ ಅನ್ನಕ್ಕೆ. ವರದಿಯಲ್ಲಿ ಯಾವುದೆಂದು ಬರೆಯದಿದ್ದರೆ ಜಗಳ ಗ್ಯಾರಂಟಿ. ಇನ್ನೊಂದು ಮಾತು: 2ಕ್ಕಿಂತ ಕಡಿಮೆ ಬಂದ ಅಂಕಿಯನ್ನು ಈ ವಿಧಾನದಲ್ಲಿ ಅಷ್ಟಾಗಿ ನಂಬಬಾರದು. ಹಾಗಾಗಿ ನಮ್ಮ 1.1ಕ್ಕೆ ದಶಮಾಂಶ ಹಾಕಿ ಸಹಿ ಮಾಡಿದ್ದೇ ಸ್ವಲ್ಪ ಜಂಬ.

ಪಾರ್ಟಿಗೆ ಈ ಅಂಕಿ ಬೇಕಿದ್ದದ್ದು ಪ್ಯಾಕೆಟ್ಟಿನ ಮೇಲೆ ‘ಶುಗರ್ ಇದ್ದವರಿಗೆ’ ಎಂದು ಅಚ್ಚುಹಾಕಲು. 2.4 ನೋಡಿ ಅವರಿಗೆ ಖುಷಿಯೇ ಆಗಿತ್ತು, ತಕರಾರು ನಮ್ಮಲ್ಲೇ ಹುಟ್ಟಿದ್ದು. ಅವರಿಗೆ ಹೇಳಿದ ಲೆಕ್ಕ ಇಷ್ಟೇ: ತಟ್ಟೆಯಲ್ಲಿ 100 ಗ್ರಾಂ ಅನ್ನವಿದ್ದರೆ ಬಿಸಿಯಲ್ಲಿ ಜೀರ್ಣವಾಗದ್ದು ಗ್ರಾಮಿನ ಮೂರನೇ ಒಂದು ಪಾಲು, ತಂಗಳಲ್ಲಿ ಮುಕ್ಕಾಲು. ವ್ಯತ್ಯಾಸ ಅರ್ಧ ಗ್ರಾಮೂ ಇಲ್ಲ. ಉಳಿದ ಪಿಷ್ಟವೆಲ್ಲ ಸಕ್ಕರೆಯಾಗಿಯೇ ರಕ್ತ ಸೇರುತ್ತದೆ. ಎಷ್ಟು ಬೇಗ ಸೇರುತ್ತದೆ ಎಂಬುದು ಬೇರೆ ಪ್ರಶ್ನೆ. ಅದಕ್ಕೆ 20 ನಿಮಿಷ, 120 ನಿಮಿಷಕ್ಕೆ ಗ್ಲೂಕೋಸ್ ತೆಗೆದು ನೋಡುವ ಪರೀಕ್ಷೆ ಮಾಡಿಸಬೇಕು, ಸಂಶೋಧಕ ಇಂಗ್ಲಿಸ್ಟ್ ಮತ್ತು ಸಂಗಡಿಗರು 1992ರಲ್ಲಿ ವಿಂಗಡಿಸಿದ ಕ್ರಮದಲ್ಲಿ. ನಮ್ಮ 16 ಗಂಟೆಯ ಅಂಕಿ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ತಂಗಳು ಒಳ್ಳೆಯದೆಂದು ಅನ್ನವನ್ನು ರಾತ್ರಿಯಿಡೀ ಒಲೆಯ ಪಕ್ಕ ಬಿಡುವವರಿಗೆ ಬೇರೆಯೇ ಕಾಯಿಲೆ ಕಾದಿರುತ್ತದೆ. ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಬೇಯಿಸಿದರೂ ಸಾಯುವುದಿಲ್ಲ.

ಎಸ್‌ಒಪಿ ತಿದ್ದಲು ಡಾಕ್ಯುಮೆಂಟ್ ಕಂಟ್ರೋಲಿಗೆ ಕಳಿಸಿದ್ದೇವೆ. ಸಾಫ್ಟ್‌ವೇರಿನಲ್ಲಿ ‘ಸ್ಯಾಂಪಲ್ ತಾಪಮಾನ’ ಎಂಬ ಕಾಲಂ ಇದೆ, ‘ಬೇಯಿಸಿದ ಹೊತ್ತು’ ಎಂಬುದಿಲ್ಲ. ಸೇರಿಸಲು ವೆಂಡರ್ ದುಡ್ಡು ಕೇಳುತ್ತಾನಂತೆ. ಸದ್ಯಕ್ಕೆ ರಿಜಿಸ್ಟರಿನ ಮಾರ್ಜಿನ್ನಿನಲ್ಲಿ ಪೆನ್ನಿನಲ್ಲಿ ಬರೆಯುತ್ತಿದ್ದೇವೆ: ಇಳಿಸಿದ್ದು ಎಷ್ಟು ಗಂಟೆಗೆ, ಎಲ್ಲಿ ಇಟ್ಟಿದ್ದರು, ಎಷ್ಟು ಹೊತ್ತು, ಮತ್ತೆ ಬಿಸಿ ಮಾಡಿದರಾ. ಬಿಸಿ ಸ್ಯಾಂಪಲನ್ನು ಅವತ್ತೇ ಟ್ಯೂಬಿಗೆ ಹಾಕುತ್ತೇವೆ. ಆಗದಿದ್ದರೆ ತೆಳ್ಳಗೆ ಹರಡಿ ನೇರ ಡೀಪ್ ಫ್ರೀಜರಿಗೆ. ಶನಿವಾರ ಮಧ್ಯಾಹ್ನ ಬಂದದ್ದನ್ನು ವಾಪಸ್ ಕಳಿಸುತ್ತೇವೆ, ಮಾರ್ಕೆಟಿಂಗ್‌ನವರು ಎಷ್ಟು ಗೊಣಗಿದರೂ.

ಮೂರನೇ ಡಬ್ಬಿ ಮಂಡ್ಯದಿಂದ ಹಾಟ್‌ಬಾಕ್ಸಿನಲ್ಲಿ ಬಂತು, ಗುರುವಾರ ಹತ್ತೂವರೆಗೆ. ಮುಚ್ಚಳದ ಮೇಲೆ ಟೇಪ್ ಅಂಟಿಸಿ ಮಾರ್ಕರಿನಲ್ಲಿ ಬರೆದಿದ್ದರು: ‘ಬಿಸಿ ಅನ್ನ. 9:20ಕ್ಕೆ ಇಳಿಸಿದ್ದು. ಫ್ರಿಜ್ಜಿಗೆ ಇಡಬೇಡಿ ಸಾರ್.’